ಮೇಜಿನ ಮೇಲಿಟ್ಟ ಕಾಲುಚೀಲ

ಆದ್ಯಾ, ನಿಹಾಲ್,

ಟಿ.ವಿ.ಯಲ್ಲಿ ಫುಟ್‌ಬಾಲ್ ಬಂದಾಗಲೆಲ್ಲ “ಅಜ್ಜಿಗೆ ಎಂತ ಗೊತ್ತುಂಟು?” ಎಂದು ನಗುತ್ತೀರಿ. ನಾನೂ ನಕ್ಕು ಅಡುಗೆಮನೆಗೆ ಹೋಗುತ್ತೇನೆ. ಎದುರು ಕುಳಿತು ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ತಪ್ಪಿದ್ದರೆ ನಿಮ್ಮ ಅಮ್ಮ ತಿದ್ದಲಿ.

ನಿಮ್ಮ ಅಜ್ಜ ತೀರಿಹೋದ ಮರುವರ್ಷ, ನನಗೆ ನಲವತ್ತಾರಾಗಿದ್ದಾಗ, ಇಲ್ಲಿ ಗಲ್ಫಿನಲ್ಲೇ ಗುಫೂಲ್ ಹತ್ತಿರದ ಒಂದು ಫುಟ್‌ಬಾಲ್ ಕ್ಲಬ್ಬಿನ ಲಾಂಡ್ರಿಗೆ ಸೇರಿದೆ. ಆಗ ನಮ್ಮ ಮನೆ ಹೂರಾದಲ್ಲಿ. ಬೆಳಿಗ್ಗೆ ನಡೆದೇ ಹೋಗುತ್ತಿದ್ದೆ. ಆಟಗಾರರ ಅಂಗಿ, ಚಡ್ಡಿ, ಕಾಲುಚೀಲಗಳನ್ನು ಒಗೆದು ಒಣಗಿಸಿ, ನಂಬರಿನ ಪ್ರಕಾರ ಮಡಚಿ ಕಿಟ್ ರೂಮಿಗೆ ಕೊಡುವುದು ನನ್ನ ಕೆಲಸ. ಕಿಟ್ ರೂಮ್ ಎಂದರೆ ಬಟ್ಟೆ, ಬೂಟು, ಚೆಂಡುಗಳ ಕೋಣೆ. ಅದನ್ನು ನೋಡಿಕೊಳ್ಳುತ್ತಿದ್ದವರು ಉಳ್ಳಾಲದ ಹಮೀದ್. ನಾನು ಇಡೀ ದಿನ ಬಾಯಿ ಬಿಡುತ್ತಿರಲಿಲ್ಲ. “ಎಂತ ಅಕ್ಕ, ನೀವು ಮಾತಾಡಿದ್ರೆ ಮೆಷಿನ್ನಿಗೆ ಬೇಜಾರಾಗ್ತದಾ?” ಎಂದು ಅವರು ಕೆಣಕುವರು.

ನಾನು ಸೇರಿದ ಎರಡನೆಯ ವರ್ಷ ಥಾಯ್ಲೆಂಡಿನಿಂದ ಒಬ್ಬ ಆಟಗಾರ ಬಂದ. ಹೆಸರು ಪ್ರಮೋತ್. ಸಣ್ಣ ಆಳು, ಮೈದಾನದ ನಡುವೆ ಆಡುವವನು. ಮೊದಲ ದಿನವೇ ಕೈಜೋಡಿಸಿ ತಲೆಬಾಗಿಸಿದ. ಎಲ್ಲರೂ ಬೆವರಿನ ಬಟ್ಟೆಯನ್ನು ಬುಟ್ಟಿಗೆ ಎಸೆದು ಹೋದರೆ, ಅವನು ಅಂಗಿ ಚಡ್ಡಿ ಮಾತ್ರ ಕೊಟ್ಟು, ಕಾಲುಚೀಲವನ್ನು ತಾನೇ ಹಿಂದಿನ ನಲ್ಲಿಯ ಬಳಿ ಕುಕ್ಕರಗಾಲಿನಲ್ಲಿ ಕೂತು ಒಗೆಯುತ್ತಿದ್ದ. ಅವನ ಊರಿನಲ್ಲಿ ಕಾಲು ಎಂದರೆ ದೇಹದ ಅತಿ ಕೀಳು ಭಾಗವಂತೆ. ಕಾಲಿಗೆ ಹಾಕಿದ್ದನ್ನು ತಾಯಿ ವಯಸ್ಸಿನವರ ಕೈಗೆ ಕೊಡಬಾರದಂತೆ. ಕಾಲುಚೀಲವನ್ನು ಮೇಜಿನ ಮೇಲೆ ಇಡುವುದಂತೂ ದೊಡ್ಡ ಅವಮಾನ. ಇದನ್ನೆಲ್ಲ ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ಅವನೇ ಹೇಳಿದ್ದು.

ಮರುವರ್ಷ ಒಂದು ಬುಧವಾರ ಬುಟ್ಟಿಯಲ್ಲಿ ಅವನ ಕಾಲುಚೀಲ ಇತ್ತು. ಮರುದಿನವೂ ಇತ್ತು. ನನಗೆ ಯಾಕೋ ಸಂಶಯವಾಯಿತು. ಮೂರನೆಯ ದಿನ ಅವನು ಬಟ್ಟೆ ತಂದಾಗ ಮುಖ ನೋಡಿದೆ. ಅವನಿಗೆ ತಿಳಿಯಿತು.

“ಅಮ್ಮಾ, ಮೊಣಕಾಲು ಮಡಚೋಕೆ ಆಗ್ತಿಲ್ಲ. ನಲ್ಲಿ ಹತ್ರ ಕೂರೋಕೆ ಆಗಲ್ಲ. ಯಾರಿಗೂ ಹೇಳ್ಬೇಡ, ಪ್ಲೀಸ್. ಹೇಳಿದ್ರೆ ಆಡೋಕೆ ಬಿಡಲ್ಲ.”

ನಾನು ಹೇಳಲಿಲ್ಲ. ಬೇಡಿಕೊಂಡವನಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಗಂಡಸರು ತುಂಬಿದ ಆಫೀಸಿಗೆ ಹೋಗಿ ಮಾತನಾಡುವುದು ತಪ್ಪಿತಲ್ಲ ಎಂಬ ನೆಮ್ಮದಿಯೂ ಇತ್ತು. ಎರಡು ಪಂದ್ಯ ಕಳೆಯಿತು. ಮೂರನೆಯದರಲ್ಲಿ ಅವನು ಬಿದ್ದ. ಹೊತ್ತುಕೊಂಡು ಹೋದರು. ಎರಡು ಸಲ ಆಪರೇಷನ್ ಆಯಿತು. ಮತ್ತೆ ಅವನು ಪಂದ್ಯ ಆಡಲಿಲ್ಲ. ಆಗ ಅವನಿಗೆ ಇಪ್ಪತ್ತೇಳು.

ಕ್ಲಬ್ಬಿನವರು ಅವನನ್ನು ಬಿಡಲಿಲ್ಲ. ಮೊದಲು ಮಕ್ಕಳಿಗೆ ಕಲಿಸಿದ, ಆಮೇಲೆ ಸಹಾಯಕ ಕೋಚ್ ಆದ, ನಾನು ಸೇರಿದ ಹತ್ತನೆಯ ವರ್ಷ ಮ್ಯಾನೇಜರ್ ಆದ. ಯಾರು ಆಡಬೇಕು, ಯಾರು ಕೂರಬೇಕು ಎಂದು ತೀರ್ಮಾನಿಸುವವನು ಮ್ಯಾನೇಜರ್. ಸೋತರೆ ಮೊದಲು ಹೋಗುವವನೂ ಅವನೇ. ಕುಂಟುತ್ತಲೇ ಲಾಂಡ್ರಿಯ ಬಾಗಿಲಿಗೆ ಬಂದು ಕೈಜೋಡಿಸಿ ಹೋಗುತ್ತಿದ್ದ. ಆ ಕುಂಟು ಹೆಜ್ಜೆಯ ಸದ್ದು ಕೇಳಿದಾಗಲೆಲ್ಲ ನಾನು ಬಗ್ಗಿ ಬಟ್ಟೆ ಎಣಿಸುವಂತೆ ಮಾಡುತ್ತಿದ್ದೆ.

ಆ ವರ್ಷ ತಂಡ ಸಾಲಾಗಿ ಮೂರು ಪಂದ್ಯ ಸೋತಿತು. ಶುಕ್ರವಾರದ ಪಂದ್ಯವೂ ಹೋದರೆ ಪ್ರಮೋತನನ್ನು ತೆಗೆಯುತ್ತಾರೆ ಎಂದು ಹಮೀದ್ ಹೇಳಿದರು. ಗೋಲು ಹೊಡೆಯಬಲ್ಲವನು ತಂಡದಲ್ಲಿ ಒಬ್ಬನೇ, ನಾಯಕ ಯೂಸುಫ್, ಇಲ್ಲಿಯ ಹುಡುಗ. ಆ ವಾರ ಅವನ ಬಲಗಾಲಿನ ಚೀಲ ಹಿಂಬದಿಯಲ್ಲಿ, ಹಿಮ್ಮಡಿಯ ಮೇಲೆ, ಕತ್ತರಿಯಿಂದ ಸೀಳಿಕೊಂಡು ಬಂತು. ಒಳಗೆ ನೋವಿನ ಮುಲಾಮಿನ ವಾಸನೆ. ಮಾರನೆಯ ದಿನ ಹೊಸ ಜೊತೆ ಕೊಟ್ಟೆ. ಅದೂ ಸೀಳಿಕೊಂಡು ಬಂತು. ಬಾವು ಬಂದ ಕಾಲಿಗೆ ಬಿಗಿಯಾಗದಿರಲಿ ಎಂದು ಸೀಳಿದ್ದು. ಲಾಂಡ್ರಿಯವಳಿಗೆ ಅಷ್ಟು ಗೊತ್ತಾಗುತ್ತದೆ.

ಗುರುವಾರ ಬೆಳಿಗ್ಗೆ ಯೂಸುಫ್ ಬಂದ. ನನ್ನನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ. “ಖಾಲಾ, ನೀವು ನೋಡಿದ್ದೀರಿ ಅಂತ ಗೊತ್ತು. ನಾಳೆ ಒಂದು ದಿನ ಸುಮ್ಮನಿರಿ. ನಾನು ಆಡದಿದ್ರೆ ಪ್ರಮೋತ್ ಸರ್ ಕೆಲಸ ಹೋಗ್ತದೆ.”

ಅವನದು ಸುಳ್ಳಾಗಿರಲಿಲ್ಲ. ಹಮೀದರಿಗೆ ಹೇಳಿದೆ.

“ಎಂತ ಮಾರಾಯ್ರೆ! ಅವನನ್ನು ಕೂರಿಸಿದ್ರೆ ನಮ್ಮ ಪ್ರಮೋತ್ ನಾಳೆಯೇ ಗಂಟುಮೂಟೆ ಕಟ್ಲಿಕ್ಕುಂಟು. ಗೊತ್ತುಂಟಾ ನಿಮಗೆ?”

“ಗೊತ್ತುಂಟು. ನೀವೇ ಹೋಗಿ ಹೇಳಿ ಹಮೀದಣ್ಣ.”

“ನೋಡಿದ್ದು ನೀವು. ಹೇಳ್ಬೇಕಾದವರೂ ನೀವೇ ಅಕ್ಕ.”

ಮಧ್ಯಾಹ್ನ ಆ ಸೀಳಿದ ಕಾಲುಚೀಲ ಹಿಡಿದು ಆಫೀಸಿನ ಬಾಗಿಲಲ್ಲಿ ನಿಂತೆ. ಒಳಗೆ ನಾಲ್ಕು ಗಂಡಸರು. ಬಾಯಿಗೆ ಹಿಂದಿ ಬರಲಿಲ್ಲ, ಕನ್ನಡವೂ ಬರಲಿಲ್ಲ. ಸೀದಾ ಹೋಗಿ ಕಾಲುಚೀಲವನ್ನು ಪ್ರಮೋತನ ಮೇಜಿನ ಮೇಲೆ, ಮರುದಿನ ಆಡುವವರ ಹೆಸರು ಬರೆದ ಕಾಗದದ ಮೇಲೆ ಇಟ್ಟೆ.

ಒಬ್ಬರು ಕೂಗಿದರು. ಪ್ರಮೋತ್ ಕುರ್ಚಿಯಿಂದ ಎದ್ದು ನಿಂತ. ಅವನ ಮುಖ ಕೆಂಪಾಗಿತ್ತು. ನಾನು ಆ ಸೀಳಿನಲ್ಲಿ ಬೆರಳು ತೂರಿಸಿ ತೋರಿಸಿದೆ. ಆಮೇಲೆ ಅವನ ಮೊಣಕಾಲಿನ ಕಡೆ ಕೈ ತೋರಿಸಿದೆ.

ಅವನು ಬಗ್ಗಿ ಆ ಸೀಳನ್ನು ನೋಡಿದ. “ಯಾರು?” ಎಂದ.

“ಯೂಸುಫ್.”

ಕಾಲುಚೀಲವನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಹಿಂದಕ್ಕೆ ಕೊಟ್ಟು, ಕಾಗದದಲ್ಲಿ ಮೊದಲಿದ್ದ ಯೂಸುಫನ ಹೆಸರನ್ನು ಹೊಡೆದುಹಾಕಿದ.

ಶುಕ್ರವಾರ ಒಂದು ಗೋಲಿನಿಂದ ಸೋತರು. ಭಾನುವಾರ ಪ್ರಮೋತನನ್ನು ತೆಗೆದರು. ಯೂಸುಫನ ಹಿಮ್ಮಡಿಯ ಮೇಲಿನ ದಪ್ಪ ನರ, ಡಾಕ್ಟರರು ಟೆಂಡನ್ ಎನ್ನುತ್ತಾರೆ, ಅರ್ಧ ಹರಿದಿತ್ತು. ಇನ್ನೊಂದು ಪಂದ್ಯ ಓಡಿದ್ದರೆ ಪೂರ್ತಿ ಹೋಗುತ್ತಿತ್ತು ಎಂದರಂತೆ. ಯೂಸುಫ್ ಮೂರು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದ. ಮುಂದಿನ ವರ್ಷ ಆಡಿದ, ಅದರ ಮುಂದಿನ ವರ್ಷವೂ ಆಡಿದ.

ಹೊರಡುವ ದಿನ ಪ್ರಮೋತ್ ಲಾಂಡ್ರಿಗೆ ಬಂದ. “ನಿನ್ನ ಕೆಲಸ ನಾನು ತೆಗೆದೆ,” ಎಂದೆ. ಅವನ ಹತ್ತಿರ ನಾನು ಪೂರ್ತಿ ಹೇಳಿದ ಮೊದಲ ವಾಕ್ಯ ಅದೇ ಇರಬೇಕು. “ಹಿಂದೆ ಕಾಲನ್ನೂ ತೆಗೆದೆ.”

“ಕಾಲು ನಾನೇ ತೆಗೆದಿದ್ದು ಅಮ್ಮಾ, ಸುಮ್ಮನಿರು ಅಂದವನು ನಾನು,” ಎಂದು ನಕ್ಕ. “ಆದ್ರೆ ಮೇಜಿನ ಮೇಲೆ ಕಾಲುಚೀಲ! ನನ್ನ ತಾಯಿ ನೋಡಿದ್ರೆ ನಿನ್ನ ಓಡಿಸ್ತಿದ್ರು.”

ಈಗ ಅವನು ತನ್ನ ದೇಶದಲ್ಲಿ ಒಂದು ಸಣ್ಣ ತಂಡದ ಮ್ಯಾನೇಜರ್. ಹೋದ ವರ್ಷ ಹಮೀದರ ಫೋನಿಗೆ ಒಂದು ಫೋಟೋ ಕಳಿಸಿದ್ದ. ಲಾಂಡ್ರಿಯ ಕೋಣೆ, ಬಟ್ಟೆ ಮಡಚುತ್ತಿರುವ ಒಬ್ಬ ಹೆಂಗಸು, ಅವಳ ಎದುರು ಸಣ್ಣ ಸ್ಟೂಲಿನ ಮೇಲೆ ಇವನು, ಕೈಯಲ್ಲಿ ಕಾಗದ ಪೆನ್ನು. ಆಡುವವರ ಹೆಸರು ಬರೆಯುವ ಮೊದಲು ಅಲ್ಲಿಗೆ ಹೋಗಿ, ಯಾರ ಬಟ್ಟೆಯಲ್ಲಿ ಏನು ಕಂಡಿತು ಎಂದು ಅವಳನ್ನು ಕೇಳುತ್ತಾನಂತೆ.

ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು, ಮಕ್ಕಳೇ. ಕಂಡದ್ದನ್ನು ಹೇಳದೆ ಇರುವುದು ಯಾವಾಗಲೂ ಒಳ್ಳೆಯತನವಲ್ಲ. ನನ್ನಲ್ಲಿ ಅರ್ಧ ಹೆದರಿಕೆಯೇ ಇತ್ತು. ನೀವೂ ನನ್ನ ಹಾಗೆ ಮಾತು ಕಡಿಮೆಯವರು, ಅದರಲ್ಲೂ ನಿಹಾಲ್. ಮಾತು ಬರದಿದ್ದರೆ ಪರವಾಗಿಲ್ಲ, ಕೈಯಲ್ಲಿದ್ದುದನ್ನು ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಇಡಿ.

ಈ ಹಾಳೆಗಳನ್ನು ಮಾಹೂಝಿನ ಈ ಮನೆಯ ಕಪಾಟಿನಲ್ಲಿ, ಪಾಸ್‌ಪೋರ್ಟುಗಳ ಕೆಳಗೆ ಇಟ್ಟಿರುತ್ತೇನೆ. ಮನೆ ಬದಲಾಯಿಸುವಾಗ ಪಾಸ್‌ಪೋರ್ಟಿನ ಜೊತೆ ಇವನ್ನೂ ಎತ್ತಿಕೊಳ್ಳಿ. ಕಳೆಯಬೇಡಿ.