ತಿರುವಿನಲ್ಲಿ ನಿಂತಿದ್ದ ಚಿಕ್ಕಮ್ಮ

ಆಗ ನನಗೆ ಇಪ್ಪತ್ತು ವರ್ಷ. ಅರವತ್ತು ವರ್ಷದ ಹಿಂದಿನ ಮಾತು. ರಸ್ತೆ ತಿರುವಿನಲ್ಲಿ ಚಕ್ಕುಲಿ ಡಬ್ಬಿ ಹಿಡಿದು ನಿಂತಿದ್ದ ಚಿಕ್ಕಮ್ಮ ಕೈ ಎತ್ತಿದರು. ನಮ್ಮ ವ್ಯಾನ್ ನಿಲ್ಲದೆ ಹೋಯಿತು.

ತೀರ್ಥಹಳ್ಳಿಯಿಂದ ಬಾಡಿಗೆಗೆ ತಂದ ವ್ಯಾನ್ ಅದು. ಪಾತ್ರೆ, ಹಾಸಿಗೆ ತುಂಬಿಕೊಂಡು, ಅದರಲ್ಲೇ ಮಲಗುತ್ತ ಹುಂಚ, ಹೊಸನಗರ, ಸಾಗರ ನೋಡಿ ಬರಲು ಮನೆಮಂದಿಯೆಲ್ಲ ಮೊದಲ ಸಲ ಹೊರಟಿದ್ದೆವು. ನನ್ನ ಗಂಡನ ಚಿಕ್ಕಮ್ಮ ವಿಧವೆ. ಹೊರಡುವಾಗ ಎದುರಿಗೆ ಬರಬಾರದೆಂದು ಅವರನ್ನು ಮೊದಲೇ ತಿರುವಿಗೆ ನಡೆಸಿ ಕಳಿಸಿದ್ದರು. ಅಲ್ಲಿ ನಿಲ್ಲಿಸಿ ಹತ್ತಿಸಿಕೊಳ್ಳಲು ಡ್ರೈವರಿಗೆ ಹೇಳುವುದನ್ನು ಮಾವ ಮರೆತರು. ಕಿಟಕಿ ಪಕ್ಕದಲ್ಲಿದ್ದ ನಾನೊಬ್ಬಳೇ ನೋಡಿದೆ. ಹೊಸ ಸೊಸೆ ಗಂಡಸರ ಮುಂದೆ ಕೂಗುವಂತಿರಲಿಲ್ಲ. ನಾನೂ ಕೂಗಲಿಲ್ಲ. ಕೋಣಂದೂರು ಬಂದಾಗ ಉಳಿದವರಿಗೆ ನೆನಪಾಯಿತು. "ಹೊರಟ ಗಾಡಿ ತಿರುಗಿಸ್ಬಾರ್ದು" ಎಂದರು ಮಾವ.

ಮೂರನೇ ದಿನ ಸಂಜೆ ಮನೆಗೆ ಬಂದಾಗ ಕಾಲಿಗೆ ನೀರು ಕೊಟ್ಟವರು ಚಿಕ್ಕಮ್ಮನೇ.

"ನಾ ಕೈ ಎತ್ತಿದ್ದು ನಿಂಗೂ ಕಾಣ್ಲಿಲ್ವೇನೆ?"

"ಇಲ್ಲ ಚಿಕ್ಕಮ್ಮ" ಎಂದೆ.

ಅವರು ಸಾಯುವವರೆಗೂ ನಾನು ನಿಜ ಹೇಳಲಿಲ್ಲ. ನಾವು ಬಂದ ಮರುದಿನ ಬೆಳಿಗ್ಗೆ ವ್ಯಾನ್ ವಾಪಸ್ ಹೊರಡುವ ಮೊದಲು, ತಿರುವಿನವರೆಗಾದರೂ ಕೂತು ಬನ್ನಿ ಎಂದು ಕರೆದೆ. ಅವರು ಕೊಟ್ಟಿಗೆಗೆ ಹೋದರು. ನಾನು ವ್ಯಾನ್ ಗುಡಿಸಿ ಕಳಿಸಿದೆ.