ಪರದೆಗೆ ಬೆನ್ನು ಹಾಕಿ ಕೂತವರು

ಚಳ್ಳಕೆರೆಯಲ್ಲಿ ನಮಗೆ ಕಂಪ್ಯೂಟರ್ ಕಲಿಸಿದ ಮೇಡಂ ಪರದೆಗೆ ಬೆನ್ನು ಹಾಕಿ, ಶೇಂಗಾ ಸುಲಿಯುತ್ತಾ ಕೂರುತ್ತಿದ್ದರು. ಪ್ರೋಗ್ರಾಂ ಓಡುತ್ತಿಲ್ಲವೆಂದು ಯಾರು ಗೋಗರೆದರೂ ತಿರುಗಿ ನೋಡುತ್ತಿರಲಿಲ್ಲ. "ಏನಾಗ್ಬೇಕಿತ್ತು? ಏನಾಯ್ತು?" ಎಂದು ಕೇಳುವರು, ಅಷ್ಟೇ.

ನಾನು ಮೊಳಕಾಲ್ಮೂರಿನ ನೇಕಾರರ ಮನೆಯವಳು. ಸೀರೆಯ ಅಂಚಿನಂತೆ ಚುಕ್ಕಿಗಳ ಸಾಲು ಮೂಡಿಸುವ ಪ್ರೋಗ್ರಾಂ ಬರೆದಿದ್ದೆ. ಸಂಜೆ ಅದರ ಪ್ರಿಂಟ್ ತರುತ್ತೇನೆಂದು ಅವ್ವನೆದುರು ಜಂಬ ಕೊಚ್ಚಿ ಬಂದಿದ್ದೆ. ಬಸ್ಸಿಗೆ ಹೊತ್ತಾಗುತ್ತಿತ್ತು, ಅಂಚು ಮಾತ್ರ ಮೂಡಲೊಲ್ಲದು.

"ಮೇಡಂ, ಕಂಪ್ಯೂಟರೇ ಕೆಟ್ಟೋಗೈತೆ!"

"ಏನಾಗ್ಬೇಕಿತ್ತು? ಏನಾಯ್ತು?"

"ಸಾಲ್ಸಾಲಾಗಿ ಚುಕ್ಕಿ ಬರ್ಬೇಕಿತ್ತು. ಮೊದಲ್ನೇ ಸಾಲು ಬಂತು, ಉಳಿದಿದ್ದೆಲ್ಲ ಖಾಲಿ."

ಅಷ್ಟರಲ್ಲಿ ಕರೆಂಟೂ ಹೋಯಿತು. ನನಗೆ ಅಳುವೇ ಬಂತು. ಮೇಡಂ ಒಂದು ಹಿಡಿ ಶೇಂಗಾ ಬಾಯಿಗೆ ಹಾಕಿಕೊಂಡು, ಮುಂದೆ ಹೇಳು ಎಂಬಂತೆ ಕೈ ಆಡಿಸಿದರು.

"ಒಂದರಿಂದ ಹತ್ತರ ತನಕ ಎಣಿಸ್ತಾ ಚುಕ್ಕಿ ಹಾಕು ಅಂದಿದ್ದೀನಿ. ಹತ್ತಾದ್ಮೇಲೆ ಕೆಳಗಿನ ಸಾಲಿಗೆ ಹೋಗು ಅಂದಿದ್ದೀನಿ. ಅಲ್ಲಿ ಮತ್ತೆ ಒಂದರಿಂದ..."

ಹಣೆ ಚಚ್ಚಿಕೊಂಡೆ. ಮತ್ತೆ ಒಂದರಿಂದ ಎಣಿಸು ಎಂದು ನಾನು ಕಂಪ್ಯೂಟರಿಗೆ ಹೇಳಿರಲೇ ಇಲ್ಲ! ಅದರ ಎಣಿಕೆ ಹತ್ತಕ್ಕೇ ಮುಗಿದಿತ್ತು.

ಕರೆಂಟ್ ಬಂದೊಡನೆ ಬಿಟ್ಟಿದ್ದನ್ನೂ ಸೇರಿಸಿ ಎಲ್ಲವನ್ನೂ ಮೊದಲಿನಿಂದ ಟೈಪ್ ಮಾಡಿದೆ. ಪ್ರಿಂಟರ್ ಕಿರ್ರೆನ್ನುತ್ತಾ ಅಂಚನ್ನು ನೇಯ್ದು ಕೊಟ್ಟಿತು. ಕಾಗದ ಹರಿದುಕೊಂಡು ಬಸ್ಸಿಗೆ ಓಡುವ ಮುನ್ನ ಕೇಳಿದೆ.

"ತಪ್ಪು ಎಲ್ಲೈತೆ ಅಂತ ನಿಮ್ಗೆ ಮೊದಲೇ ಗೊತ್ತಾಗಿತ್ತು ಅಲ್ವಾ ಮೇಡಂ? ಯಾಕೆ ಹೇಳ್ಲಿಲ್ಲ?"

"ಬಾಯ್ತುಂಬ ಶೇಂಗಾ ಇತ್ತಲ್ಲಮ್ಮಾ, ಹೆಂಗ್ ಹೇಳ್ಲಿ?" ಎಂದರು, ತಿರುಗದೆ.