ಹಿಂದಿನಿಂದ ಕಂಡ ಎಮ್ಮೆ

ಎಲ್ಲ ಓದುಗರಿಗೂ ನಮಸ್ಕಾರ. ನಾನು ಮೀಸೆ ಚಿಗುರಿದ ಮೇಲೆ ಅಕ್ಷರ ಕಲಿತವನು. ಕೀಲಿಮಣೆಯ ಮೇಲೆ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುತ್ತೇನೆ. ಎಲ್ಲಾದರೂ ಒತ್ತಕ್ಷರ ಬಿಟ್ಟಿದ್ದರೆ, ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಡೆದದ್ದನ್ನು ಮಾತ್ರ ನಡೆದ ಹಾಗೆಯೇ ಬರೆಯುತ್ತೇನೆ.

ಖಾನಾಪುರದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇದೆ. ಬೈಕು, ಟೆಂಪೊ, ಟ್ರ್ಯಾಕ್ಟರುಗಳಿಗೆ ರೇಡಿಯಂ ಸ್ಟಿಕ್ಕರ್ ಕತ್ತರಿಸಿ ಅಂಟಿಸುತ್ತೇನೆ. ದೇವರ ಹೆಸರು, ಮಕ್ಕಳ ಹೆಸರು, ಹುಲಿ, ಹದ್ದು. ಕೆಲವರಿಗೆ ಕನ್ನಡದಲ್ಲಿ, ಕೆಲವರಿಗೆ ಮರಾಠಿಯಲ್ಲಿ. ಕತ್ತರಿಸುವ ಯಂತ್ರಕ್ಕೆ ಚಿತ್ರ ಕೊಡಬೇಕಲ್ಲ, ಅದಕ್ಕಾಗಿ ಕಂಪ್ಯೂಟರ್ ಕಲಿತೆ. ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ಸುಮ್ಮನೆ ಕೂರಲಾರದೆ ಪರದೆಯ ಮೇಲಿದ್ದ ಹುಲಿಗೆ ಕಣ್ಣು ಹೊಡೆಯಲು ಕಲಿಸಿದೆ. ಹುಚ್ಚು ಹಿಡಿದದ್ದು ಅಲ್ಲಿಂದ. ಮೊಬೈಲಿನಲ್ಲಿ ಪಾಠ ನೋಡಿ ನಿಂಬೆಹಣ್ಣು ಪುಟಿಯುವಂತೆ ಮಾಡಿದೆ. ಮನೆಯಲ್ಲಿ ಅದನ್ನು ಮೂರು ಸಲ ತೋರಿಸಿದ ಮೇಲೆ ಹೆಂಡತಿ ಅಂದಳು:

"ನಿಂಬಿಹಣ್ಣು ಕುಣಸೂದು ಆತಿಲ್ಲೋ? ಇನ್ನ ಸಂತಿಗೆ ಹೋಗಿ ಖರೇ ನಿಂಬಿಹಣ್ಣು ತರ್ರಿ."

ಒಂದು ದಿನ ಗಿಟಾರಿನ ಪೆಟ್ಟಿಗೆಗೆ ಸ್ಟಿಕ್ಕರ್ ಬೇಕೆಂದು ಮೂವರು ಬಂದರು. ತಾವೇ ಹಾಡು ಕಟ್ಟಿ ತಾವೇ ನುಡಿಸುವವರು. ಡ್ರಮ್ ಬಾರಿಸುವವನು ನಮ್ಮ ಖಾನಾಪುರದವನೇ, ಕಟ್ಟಿಗೆ ವ್ಯಾಪಾರದ ಮನೆಯವನು. ಮನೆಯಲ್ಲಿ ಉರ್ದು, ಚಹಾದಂಗಡಿಯಲ್ಲಿ ಮರಾಠಿ, ನನ್ನ ಜೊತೆ ಕನ್ನಡ. ಗಿಟಾರಿನವನದು ಮಾತು ಕಡಿಮೆ. ಹಾಡುವವರು ಬೆಳಗಾವಿಯ ಒಂದು ಶಾಲೆಯಲ್ಲಿ ಶಿಕ್ಷಕಿ. ಅವರ ಕಣ್ಣು ನನ್ನ ಪರದೆಯ ಮೇಲೆ ಬಿತ್ತು.

"ಅಣ್ಣಾರ, ನಿಮ್ಮ ಹುಲಿ ನನಗ ಕಣ್ಣ ಹೊಡೀತ್ರಿ!"

"ತಪ್ಪ ತಿಳಕೋಬ್ಯಾಡ್ರಿ ಅಕ್ಕೋರ. ಅದು ಎಲ್ಲಾರಿಗೂ ಹೊಡೀತೈತಿ."

ಹೀಗೆ ಶುರುವಾದ ಮಾತು ಅವರ ಕಾರ್ಯಕ್ರಮಕ್ಕೆ ಬಂದು ನಿಂತಿತು. ಬೆಳಗಾವಿಯ ಟಿಳಕವಾಡಿಯ ಒಂದು ಸಣ್ಣ ಸಭಾಂಗಣದಲ್ಲಿ ಮುಂದಿನ ತಿಂಗಳ ಒಂದು ಭಾನುವಾರ ಹಾಡುವವರಿದ್ದರು. ಹಿಂದೆ ಬಿಳಿ ಪರದೆ ಕಟ್ಟಿ, ಒಂದು ಹಾಡಿಗೆ ಅದರ ಮೇಲೆ ಚಿತ್ರ ಓಡಬೇಕು. ಹಾಡು ಅಕ್ಕೋರದೇ. ಸಂಜೆ ಎಮ್ಮೆಗಳ ಜೊತೆ ಮನೆಗೆ ಮರಳುತ್ತಿದ್ದ ಅಜ್ಜಿಯನ್ನು ನೆನೆದು ಬರೆದದ್ದು.

"ಎಮ್ಮಿ ಏನ್ರಿ? ಎಮ್ಮಿ ಬಗ್ಗೆ ನನಗ ಯಾರೂ ಹೇಳೂದ ಬ್ಯಾಡ" ಎಂದೆ. ಸುಳ್ಳಲ್ಲ. ಗುಂಜಿ ಎಂಬ ಹಳ್ಳಿಯ ಕಾಡಂಚಿನಲ್ಲಿ ನಮ್ಮದು ಎಮ್ಮೆ ಕಾಯುವ ಮನೆ. ನಾನು ಶಾಲೆ ಸೇರಲು ತಡವಾದದ್ದೇ ಅವುಗಳಿಂದ.

ಹೊರಡುವಾಗ ಅಕ್ಕೋರು ಮೆಲ್ಲಗೆ ಅಂದರು: "ನಮ್ಮ ಸಾಲಿಯವರೆಲ್ಲಾ ಬರಾವರದಾರ್ರಿ. ನನ್ನ ಸ್ವಂತ ಹಾಡು ಮಂದಿ ಮುಂದ ಹಾಡೂದು ಇದ ಮೊದಲು. ಯಾರರ ನಕ್ಕರಂದ್ರ ಮತ್ತ ನಾ ಮೈಕ್ ಮುಟ್ಟಾಂಗಿಲ್ಲ. ಚಿತ್ರ ಛಂದ ಬರ್ಲಿ."

ಎಲ್ಲರೂ ಬಿಡಿಸುವ ಹಾಗೆ ಎಮ್ಮೆಯನ್ನು ಪಕ್ಕದಿಂದ ಬಿಡಿಸಿದೆ. ಕೊಂಬು, ಕಿವಿ, ಹೊಟ್ಟೆ ಚೆನ್ನಾಗಿಯೇ ಬಂದವು. ನಡೆಸಲು ಹೋದಾಗ ಗೊತ್ತಾಯಿತು, ಯಾವ ಕಾಲಿನ ಹಿಂದೆ ಯಾವ ಕಾಲು ಏಳುತ್ತದೆ ಎಂಬುದೇ ನನಗೆ ಗೊತ್ತಿಲ್ಲ. ನಾಲ್ಕು ಕಾಲನ್ನೂ ಹೇಗೆ ಅದಲು ಬದಲು ಮಾಡಿದರೂ ಎಮ್ಮೆ ಎಮ್ಮೆಯಾಗಲಿಲ್ಲ. ಕಡೆಗೆ ಅವರು ಕಳಿಸಿದ್ದ ಹಾಡಿನ ರೆಕಾರ್ಡಿಂಗ್ ಹಾಕಿ, ಡ್ರಮ್ಮಿನ ಒಂದೊಂದು ಏಟಿಗೆ ಒಂದೊಂದು ಕಾಲು ಏಳುವಂತೆ ಹೊಂದಿಸಿಟ್ಟೆ. ಆ ವಾರ ಅಪ್ಪ ಖಾನಾಪುರಕ್ಕೆ ಬಂದವರು ಅಂಗಡಿಯಲ್ಲಿ ಕುಳಿತು ಅದನ್ನು ನೋಡಿದರು. ತಂಬಾಕು ತಿಕ್ಕುತ್ತಿದ್ದ ಕೈ ನಿಂತಿತು.

"ಯಾರದೋ ಇದು?"

"ಯಾರದೂ ಅಲ್ಲಪ್ಪಾ. ನಾನ ಮಾಡೇನಿ."

"ಹಂಗಾರ ಪರೇಡ್ ಯಾರ ಕಲಿಸಿದ್ರು? ಬೆಳಗಾಂವ ಮಿಲಿಟರಿ ಕ್ಯಾಂಪಿನಾಗ ಬಿಟ್ಟಿದ್ದೇನು?"

ಬಾಜೂ ಅಂಗಡಿಯವರೂ ನಕ್ಕರು. ಮನೆಯವರೇ ಹೀಗೆ ನಕ್ಕರೆ ಟಿಳಕವಾಡಿಯ ಜನ ಬಿಟ್ಟಾರೆಯೇ? ನನ್ನ ಕಣ್ಣ ಮುಂದೆ ಅಕ್ಕೋರ ಮುಖ ಬಂತು.

ಮರುದಿನವೇ ಅಂಗಡಿ ಮುಚ್ಚಿ ಗುಂಜಿಗೆ ಹೋದೆ. ಎಮ್ಮೆಗಳ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಅವುಗಳ ನಡಿಗೆ ಹಿಡಿದುಕೊಂಡರೆ ಆಯಿತು ಎಂಬುದು ನನ್ನ ಲೆಕ್ಕ. ಆದರೆ ನಾನು ಪಕ್ಕಕ್ಕೆ ಬಂದ ಕೂಡಲೇ ಎಮ್ಮೆಗಳು ನಿಂತುಬಿಟ್ಟವು. ಕಾಯುವವನು ಪಕ್ಕಕ್ಕೆ ಬಂದನೆಂದರೆ ನಿಲ್ಲಿಸಲು ಇಲ್ಲವೇ ತಿರುಗಿಸಲು ಬಂದ ಎಂದು ಅವು ಕಲಿತಿವೆ. ನಾವೇ ಕಲಿಸಿದ್ದು. ಮುಂದೆ ಹೋದರೆ ಮೂಗು ಚಾಚಿ ನನ್ನ ಕೈ ಮೂಸಿದವು. ಸೋತು ಎಂದಿನಂತೆ ಹಿಂದೆ ಹೋಗಿ ಕೋಲು ಬೀಸಿದೆ. ತಕ್ಷಣ ಎಲ್ಲವೂ ಮನೆ ಕಡೆ ಹೊರಟವು. ಮೊಬೈಲ್ ಚಾಲೂ ಇತ್ತು, ಹಿಡಿದುಕೊಂಡು ನಡೆದೆ.

ಅಂಗಡಿಗೆ ಬಂದು ನೋಡಿದರೆ ಬರೀ ಬಾಲ ಮತ್ತು ಕುಂಡಿ. ಬೇಸರದಿಂದ ನೋಡಲು ಕುಳಿತವನು ನೋಡುತ್ತಲೇ ಉಳಿದೆ. ಒಂದು ಎಮ್ಮೆಯ ಸೊಂಟ ಎಡಕ್ಕೆ ಏರಿದರೆ ಪಕ್ಕದ ಎಮ್ಮೆಯದು ಬಲಕ್ಕೆ ಇಳಿಯುತ್ತದೆ. ಬಾಲ ಎರಡು ಸಲ ಬೀಸಿ ಒಂದು ಸಲ ಸುಮ್ಮನಿರುತ್ತದೆ. ಕೆಮ್ಮಣ್ಣಿನ ಧೂಳು ಮೊಣಕಾಲಿನವರೆಗೆ ಎದ್ದು ಮತ್ತೆ ಕೂರುತ್ತದೆ. ಬಾಲ್ಯವಿಡೀ ನಾನು ನೋಡಿದ್ದು ಇದನ್ನೇ. ಇದನ್ನು ಮಾಡಲು ನನಗೆ ಯಾವ ವಿಡಿಯೊ ಪಾಠವೂ ಬೇಕಿರಲಿಲ್ಲ.

ಪಕ್ಕದಿಂದ ಬಿಡಿಸಿದ್ದ ಎಮ್ಮೆಯನ್ನು ಅಳಿಸಿ ಹಾಕಿದೆ. ಹಿಂಡಿನ ಹಿಂದೆ ನೋಡುವವರೂ ನಡೆಯುತ್ತಿದ್ದಾರೆ ಎನ್ನುವ ಹಾಗೆ ದಾರಿ ಮಾಡಿದೆ. ನನ್ನ ಹಳೆಯ ಕಂಪ್ಯೂಟರ್ ಒಂದೊಂದೇ ಚಿತ್ರವನ್ನು ರೊಟ್ಟಿ ಬೇಯಿಸಿದಂತೆ ನಿಧಾನವಾಗಿ ಬೇಯಿಸಿ ಕೊಡುತ್ತದೆ. ಅದು ಬೇಯಿಸುವಾಗ ಬೇರೆ ಕೆಲಸ ಕೊಡುವಂತಿಲ್ಲ. ಸ್ಟಿಕ್ಕರಿಗೆ ಬಂದವರಿಗೆಲ್ಲ "ಎಮ್ಮಿ ಇನ್ನಾ ಮನಿ ಮುಟ್ಟಿಲ್ರಿ, ನಾಡದ ಬರ್ರಿ" ಎಂದು ಹೇಳಿ ಕಳಿಸಿದೆ.

ಮೊದಲು ನೋಡಿದವನು ಡ್ರಮ್ಮಿನವನು.

"ಕಾಕಾ, ಬೆಳಗಾಂವ ಮಂದೀಗೆ ಎಮ್ಮಿ ಕುಂಡಿ ತೋರಸ್ತೀರೇನ್ರಿ?"

"ಎಮ್ಮಿ ಜೊತಿ ಮನಿಗೆ ಹೋಗಾವ್ರಿಗೆ ಮತ್ತೇನ್ ಕಾಣ್ತೈತಪಾ?"

ಅವನು ಪರದೆಯ ಕಡೆ ಬಾಗಿದ. ಬೆರಳುಗಳು ನನ್ನ ಮೇಜಿನ ಮೇಲೆ ಬಾಲದ ಜೊತೆ ಬಡಿಯತೊಡಗಿದವು. ಎರಡು ಪೆಟ್ಟು, ಒಂದು ಖಾಲಿ. "ಯಾ ಅಲ್ಲಾ," ಎಂದ, "ನಾ ಇಷ್ಟ ದಿನ ನಡುವ ಖಾಲಿ ಬಿಡದ ಬಾರಸಾಕತ್ತಿದ್ದೆ."

ಅಕ್ಕೋರು ಎರಡು ಸಲ ನೋಡಿದರು. ಇಷ್ಟವಾಯಿತು ಎಂದರು, ಅಂಜಿಕೆ ಮಾತ್ರ ಹೋಗಲಿಲ್ಲ. "ಒಂದ ಮಾತ್ರಿ ಅಣ್ಣಾರ. ಮಂದಿ ನಗಾಕ ಶುರು ಮಾಡಿದ್ರ ತಕ್ಷಣ ಬಂದ್ ಮಾಡ್ರಿ." ನಾನು ಒಪ್ಪಿದೆ.

ಭಾನುವಾರ ಸಂಜೆ ಸಭಾಂಗಣ ತುಂಬಿತ್ತು. ನಾನು ಗಿಟಾರಿನವನ ಲ್ಯಾಪ್‌ಟಾಪಿನ ಮುಂದೆ, ಪಕ್ಕದಲ್ಲಿ ತಲೆಗೆ ಹೊಸ ಪಟಗಾ ಸುತ್ತಿಕೊಂಡ ಅಪ್ಪ. ಅಕ್ಕೋರ ಆ ಹಾಡು ಬಂತು. ಪರದೆಯ ಮೇಲೆ ಕೆಂಪು ದಾರಿ, ನಂತರ ಹಿಂಡಿನ ಹಿಂಭಾಗ. ಮೊದಲ ಬಾಲ ಬೀಸಿದ ಕೂಡಲೇ ಶಾಲೆಯವರು ಕುಳಿತ ಸಾಲಿನಿಂದ ಕಿಸಕ್ಕೆಂದು ನಗು. ಅದು ಹಿಂದಿನ ಸಾಲಿಗೂ ಹರಡಿತು. ನನ್ನ ಬೆರಳು ನಿಲ್ಲಿಸುವ ಕೀಲಿಯ ಮೇಲೆ ಹೋಯಿತು. 

ಅಕ್ಕೋರಿಗೆ ನಗು ಕೇಳಿಸಿತ್ತು. ಹಾಡುತ್ತಲೇ ಒಮ್ಮೆ ಹಿಂದೆ ತಿರುಗಿ ನೋಡಿದರು. ಸರಿಯಾಗಿ ಆಗಲೇ ನಡುವಿನ ಎಮ್ಮೆ ಬಾಲ ಎತ್ತಿ ತನ್ನ ಬೆನ್ನಿಗೇ ಹೊಡೆದುಕೊಂಡಿತು. ಅಕ್ಕೋರಿಗೂ ನಗು ಬಂದುಬಿಟ್ಟಿತು, ಮೈಕಿನಲ್ಲೇ, ಹಾಡಿನ ನಡುವೆಯೇ. ನನ್ನ ಕಡೆ ನೋಡಿ ನಿಲ್ಲಿಸಬೇಡಿ ಎಂದು ಕೈ ಆಡಿಸಿದರು. ಬೆರಳು ತೆಗೆದೆ.

ಆಮೇಲಿನ ನಗು ಬೇರೆಯೇ ಆಗಿತ್ತು. ಜನ ಬಾಲದ ಜೊತೆ ಚಪ್ಪಾಳೆ ತಟ್ಟತೊಡಗಿದರು, ಎರಡು ತಟ್ಟಿ ಒಂದು ಬಿಟ್ಟು. ಅಜ್ಜಿಯ ಸಾಲು ಬಂದಾಗ ತಾವಾಗಿಯೇ ಸುಮ್ಮನಾದರು. ಹಾಡಿನ ಕೊನೆಗೆ ಎಲ್ಲ ಎಮ್ಮೆಗಳೂ ತಿರುವಿನಲ್ಲಿ ಮರೆಯಾಗಿ ಒಂದು ಮಾತ್ರ ಉಳಿಯುತ್ತದೆ. ಅದು ನಿಂತು, ಕತ್ತು ತಿರುಗಿಸಿ, ಬರುತ್ತೀರೋ ಇಲ್ಲವೋ ಎನ್ನುವ ಹಾಗೆ ನಮ್ಮನ್ನೇ ನೋಡುತ್ತದೆ.  ಅಪ್ಪನಿಗೆ ತಾನು ಎಲ್ಲಿದ್ದೇನೆ ಎಂಬುದು ಮರೆತುಹೋಗಿರಬೇಕು.

"ಹೋಯ್! ನಡೀ ನಡೀ, ಹೊತ್ತಾತು!" ಎಂದು ಗುಂಜಿಯ ಕಾಡಿಗೆ ಕೇಳುವ ಹಾಗೆ ಕೂಗಿದರು.

ಎಲ್ಲರೂ ತಿರುಗಿ ನೋಡಿದರು. ಅಕ್ಕೋರು ಮೈಕ್ ಬಾಯಿ ಹತ್ತಿರ ತಂದು ಅದೇ ಧಾಟಿಯಲ್ಲಿ "ಹೋಯ್, ನಡೀ ನಡೀ" ಎಂದು ಹಾಡಿಯೇ ಬಿಟ್ಟರು. ಡ್ರಮ್ಮಿನವನು ಆ ಕೂಗಿನ ಹಿಂದೆಯೇ ಬಾರಿಸತೊಡಗಿದ. ಮುಗಿಯಬೇಕಿದ್ದ ಹಾಡು ಮತ್ತಷ್ಟು ಹೊತ್ತು ನಡೆಯಿತು. ಚಿತ್ರ ಮುಗಿದಿದ್ದರಿಂದ ಎಮ್ಮೆ ಅಷ್ಟು ಹೊತ್ತೂ ನಮ್ಮನ್ನೇ ನೋಡುತ್ತಾ ನಿಂತಿತ್ತು.

ಮರಳುವಾಗ ಬಸ್ಸಿನಲ್ಲಿ ಅಪ್ಪ ಕೇಳಿದರು: "ಕಡೀಕ ನಿಂತದ್ದು, ಕಿವಿ ಹರದದ್ದು, ನೀ ಸಣ್ಣಂವಿದ್ದಾಗಿನ ನಮ್ಮ ಮುದಿ ಎಮ್ಮಿ ಹೌದಿಲ್ಲೋ?"

"ಹೌದಪ್ಪಾ."

"ಹಂ. ಅದು ಯಾವಾಗ್ಲೂ ಹಂಗ ನಿಂದರ್ತಿತ್ತು."

ಕೂಗಿದ್ದಕ್ಕೆ ಅವರಿಗೆ ನಾಚಿಕೆ ಏನೂ ಇರಲಿಲ್ಲ. "ಅಕಿ ಛಲೋ ಹಾಡ್ತಾಳ. ಕೂಗೂದೂ ಬರ್ತೈತಿ" ಎಂದು ಕಿಟಕಿಗೆ ತಲೆ ಆನಿಸಿದರು.

ಮೊನ್ನೆ ಅಕ್ಕೋರು ಫೋನ್ ಮಾಡಿದ್ದರು. ಇನ್ನೊಂದು ಹಾಡು ಬರೆದಿದ್ದಾರಂತೆ, ಈ ಸಲ ಕೋಳಿ ಬೇಕಂತೆ. ಕೋಳಿ ಬಗ್ಗೆ ಯಾರೂ ಹೇಳುವುದು ಬೇಡ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಎರಡು ದಿನದಿಂದ ಓಣಿಯ ಕೋಳಿಗಳ ಹಿಂದೆ ತಿರುಗುತ್ತಿದ್ದೇನೆ. ಅವು ಹಿಂದಿನಿಂದಲೂ ಸಿಗುವುದಿಲ್ಲ, ಪಕ್ಕದಿಂದಲೂ ಸಿಗುವುದಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ನಗುತ್ತಾಳೆ.

ನಿಮ್ಮಲ್ಲೂ ಯಾರಾದರೂ ಹೀಗೆ ದಿನಾ ಕಂಡದ್ದನ್ನು ಬಿಡಿಸಲು ಕುಳಿತು ತಲೆ ಕೆರೆದುಕೊಂಡಿದ್ದರೆ, ಗೆಳೆಯರ ಹಾಡಿಗೆ ಚಿತ್ರ ಕುಣಿಸಲು ಹೋಗಿ ಪೇಚಿಗೆ ಸಿಕ್ಕಿದ್ದರೆ, ನಾಚಿಕೊಳ್ಳದೆ ಬರೆದು ತಿಳಿಸಿ. ನಾನು ಓದುವುದೂ ನಿಧಾನವೇ, ಆದರೆ ಒಂದಕ್ಷರ ಬಿಡದೆ ಓದುತ್ತೇನೆ. ಕೋಳಿ ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದವರು ಮೊದಲು ಬರೆಯಿರಿ.